ಬೇಡ ಎಂದರೆ ಸಾಲದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಕುಟುಂಬ ಸಮಾವೇಶದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾವು ಓದಿರುವುದು ಎಸ್ಸೆಸ್ಸೆಲ್ಸಿ. ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಅಧ್ಯಕ್ಷರು ಹೋದ ವಾರ ಕರೆದು, "ಮೇವು, ಕೆಚ್ಚಲು ಬಾವು ಇದೆಲ್ಲಾ ಡಾಕ್ಟರು ಹೇಳ್ತಾರೆ, ನೀವು ಮಕ್ಕಳನ್ನ ತಿದ್ದೋ ವಿಚಾರ ಮಾತಾಡಿ" ಅಂದರು. ನಮಗೇ ಯಾಕೆ ಹೇಳಿದರು ಅನ್ನುವುದು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಮಿಕ್ಕವರು ಒಬ್ಬೊಬ್ಬರು ಒಂದೊಂದು ಥರ ಕೇಳಿರುತ್ತೀರಿ. ಆದ್ದರಿಂದ ನಮ್ಮ ಬಾಯಿಂದಲೇ ಒಂದು ಸಲ ಪೂರ್ತಿ ಕೇಳಿಬಿಡಿ. ನಮ್ಮ ಮಗನನ್ನು ಕೇಳಿಯೇ ಹೇಳುತ್ತಿದ್ದೇವೆ, ಅವನು "ಹೇಳಪ್ಪ, ಎಲ್ಲರಿಗೂ ಗೊತ್ತಿರೋದೇ ತಾನೆ" ಅಂದಿದ್ದಾನೆ.

2022ನೇ ಇಸವಿ ನವೆಂಬರು ತಿಂಗಳು. ಆಗ ಅವನು ಎಂಟನೇ ಕ್ಲಾಸು. ನಮ್ಮ ಮನೆಯಲ್ಲಿ ಕರೆಯುವ ಸೀಮೆಹಸು ಎರಡು, ಬೆಳಗಿನ ಹೊತ್ತು ಏಳು ಲೀಟರು ಹಾಲು ಸಂಘಕ್ಕೆ ಬರುತ್ತಿತ್ತು. ಕ್ಯಾನು ತರುವುದು ಅವನ ಕೆಲಸ. ನಮ್ಮ ಹಾಲು ಯಾವತ್ತೂ ಲ್ಯಾಕ್ಟೋಮೀಟರಿನಲ್ಲಿ 28ಕ್ಕೆ ನಿಲ್ಲುವುದು. ಅದು ನಮಗೆ ಒಂದು ಹೆಮ್ಮೆ. ಅಂಥದ್ದು ಐದು ದಿನ 26ಕ್ಕೆ ಬಂತು. ಆಮೇಲೆ 24ಕ್ಕೆ ಬಂತು. 24ರಲ್ಲೇ ಒಂಬತ್ತು ದಿನ ನಡೆಯಿತು. ಹತ್ತನೇ ದಿನ ನಮ್ಮ ಪರೀಕ್ಷಕರು ಮನೆಗೇ ಬಂದು, ತಲೆ ತಗ್ಗಿಸಿಕೊಂಡು, "ಅಣ್ಣ, ಹಾಲಲ್ಲಿ ನೀರು ಕಾಣ್ತಾ ಇದೆ" ಅಂದರು.

"ಹದಿನಾಲ್ಕು ದಿನದಿಂದ ಯಾಕೆ ಹೇಳಲಿಲ್ಲ?" ಅಂತ ನಾವು ಕೇಳಿದ್ದಕ್ಕೆ, "ಡೈರೆಕ್ಟರ ಮನೆ ಹಾಲು, ಹೆಂಗೆ ಹೇಳೋದು ಅಂತ" ಅಂದರು. ಈ ಮಾತನ್ನು ಇಲ್ಲಿ ಯಾಕೆ ಹೇಳಿದೆವು ಅಂದರೆ, ತಪ್ಪು ಮಾಡಿದ್ದು ಹುಡುಗ ಒಬ್ಬನೇ ಅಲ್ಲ. ಬೇರೆಯವರ ಕ್ಯಾನು ಆಗಿದ್ದರೆ ಮೊದಲನೇ ದಿನವೇ ವಾಪಸ್ಸು ಹೋಗುತ್ತಿತ್ತು.

ವಿಚಾರಿಸಿದರೆ ವಿಷಯ ಇಷ್ಟು. ದಾರಿಯಲ್ಲಿ ಟೀ ಅಂಗಡಿಗೆ ಮೊದಲು ಅರ್ಧ ಲೀಟರು, ಆಮೇಲೆ ಒಂದು ಲೀಟರು ಮಾರುವುದು, ಅಷ್ಟೇ ನೀರನ್ನು ಬೀದಿ ನಲ್ಲಿಯಲ್ಲಿ ತುಂಬಿಸಿಕೊಂಡು ಸಂಘಕ್ಕೆ ತರುವುದು. ಲೀಟರಿಗೆ ನಲವತ್ತು ರೂಪಾಯಿಯಂತೆ ಒಟ್ಟು 460 ರೂಪಾಯಿ. ಹಾಲಿನ ಸಂಘದ ನಿರ್ದೇಶಕನ ಮನೆಯಲ್ಲಿ ಹಾಲಿಗೆ ನೀರು! ನಮ್ಮ ಕೈಗೆ ಕೊಟ್ಟಿಗೆಯ ಹಗ್ಗ ಸಿಕ್ಕಿತು. ಹೊಡೆದೆವು. ಎಷ್ಟು ಅಂತ ಕೇಳಬೇಡಿ. ನಮ್ಮ ಮನೆಯವರು ಅಡ್ಡ ಬಂದರು, ಅವರಿಗೂ ಒಂದು ಏಟು ಬಿತ್ತು. "ಇನ್ನೊಂದು ಸಲ ಮಾಡ್ತೀಯೇನ್ಲಾ?" ಅಂದರೆ "ಇಲ್ಲ" ಅಂದ. ಅಲ್ಲಿಗೆ ತಿದ್ದಿದ ಹಾಗಾಯಿತು ಅಂದುಕೊಂಡು ನಾವು ಹೊಲದ ಕಡೆ ಹೋದೆವು.

ಅವತ್ತು ಸಾಯಂಕಾಲ ಅವನು ಸ್ಕೂಲಿನಿಂದ ಮನೆಗೆ ಬರಲಿಲ್ಲ. ಏಳಾಯಿತು, ಎಂಟಾಯಿತು. ಕೆರೆ ಏರಿ, ತುರಹಳ್ಳಿ ಕಾಡಿನ ಅಂಚು, ಬನಶಂಕರಿ ಆರನೇ ಹಂತದ ಖಾಲಿ ಸೈಟುಗಳು ಎಲ್ಲಾ ಹುಡುಕಿದೆವು. ಇಲ್ಲಿ ಕೂತಿರುವ ಎಷ್ಟೋ ಜನ ಬ್ಯಾಟರಿ ಹಿಡಿದು ಜೊತೆಗೆ ಬಂದಿರಿ, ಅದನ್ನು ನಾವು ಮರೆತಿಲ್ಲ. ಬಾವಿ ಬಗ್ಗಿ ನೋಡುವಾಗ ನಮ್ಮ ಕಾಲು ನಿಲ್ಲುತ್ತಿರಲಿಲ್ಲ. ಕಡೆಗೆ ರಾತ್ರಿ ಹತ್ತೂವರೆಗೆ ತಲಘಟ್ಟಪುರದ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಮೇಲೆ ಸಿಕ್ಕಿದ. 2021ರಲ್ಲಿ ರೈಲು ರೇಷ್ಮೆ ಸಂಸ್ಥೆಯವರೆಗೂ ಬಂದಾಗ ನಾವೇ ಅವನನ್ನು ಕೂರಿಸಿಕೊಂಡು ಹೋಗಿ ತೋರಿಸಿದ್ದೆವು. ಅಲ್ಲಿ ಬೆಳಕಿರುತ್ತೆ ಅಂತ ಹೋಗಿ ಕೂತಿದ್ದನಂತೆ. ಕೇಳಿದರೆ, "ಮನೇಗ್ ಬಂದ್ರೆ ಹೊಡೀತೀರಾ" ಅಂದ. ಬೇರೆ ಮಾತಿಲ್ಲ.

ಮನೆಗೆ ಕರಕೊಂಡು ಬಂದ ಮೇಲೆ ನಮ್ಮವ್ವ ನಮ್ಮನ್ನು ಹಿತ್ತಲಿಗೆ ಕರೆದು ಒಂದೇ ಮಾತು ಕೇಳಿತು. "ಅವನಿಗೆ ದುಡ್ಡು ಯಾಕೆ ಬೇಕಾಗಿತ್ತು ಅಂತ ಕೇಳಿದ್ಯಾ?"

ನಾವು ಕೇಳಿರಲಿಲ್ಲ. ಎಷ್ಟು ಲೀಟರು, ಎಷ್ಟು ದುಡ್ಡು, ಯಾವ ಅಂಗಡಿ ಅಂತೆಲ್ಲಾ ಪೊಲೀಸರ ಥರ ಕೇಳಿದ್ದೆವು. ಯಾಕೆ ಅಂತ ಕೇಳಿರಲಿಲ್ಲ.

ಬಂಧುಗಳೇ, ಅವನಿಗೆ ದುಡ್ಡು ಬೇಕಾಗಿದ್ದದ್ದು ಕ್ರಿಕೆಟ್ ಆಡುವುದಕ್ಕೆ. ಬ್ಯಾಟಿಗಲ್ಲ, ಬಾಲಿಗಲ್ಲ, ಜಾಗಕ್ಕೆ. ಬಡಾವಣೆ ಕಡೆ ಹಸಿರು ಚಾಪೆ ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ, ಟರ್ಫ್ ಅಂತಾರೆ. ಹುಡುಗರೆಲ್ಲ ಸೇರಿ ಭಾನುವಾರ ತಲೆಗೆ ನೂರು ರೂಪಾಯಿ ಹಾಕಬೇಕು. ಇವನ ಹತ್ತಿರ ಇಲ್ಲ. ಇಲ್ಲ ಅಂದರೆ ಟೀಮಿನಲ್ಲಿ ಇಲ್ಲ. ನಮ್ಮನ್ನು ಕೇಳಿದ್ದನಂತೆ ಒಂದು ಸಲ. ನಾವು "ದುಡ್ಡೇನು ಮರದಲ್ಲಿ ಬಿಡುತ್ತಾ?" ಅಂದಿದ್ದೆವಂತೆ. ನಮಗೆ ಜ್ಞಾಪಕವೇ ಇಲ್ಲ. ಅವನಿಗೆ ಜ್ಞಾಪಕವಿದೆ.

ನಾವು ಹುಡುಗರಾಗಿದ್ದಾಗ ಆಡುವುದಕ್ಕೆ ಗುಂಡುತೋಪು ಇತ್ತು, ಗೋಮಾಳ ಇತ್ತು, ಕೊಯ್ಲಾದ ಮೇಲೆ ಊರಿನ ಹೊಲವೆಲ್ಲಾ ನಮ್ಮದೇ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದ ಹಿರಿಯರು ಪಾರ್ಕು, ಆಟದ ಬಯಲು ಅಂತ ಜಾಗ ಬಿಟ್ಟೇ ಬಡಾವಣೆ ಮಾಡಿದರು. ಶಾಲಿನಿ ಮೈದಾನದಲ್ಲಿ ಇವತ್ತಿಗೂ ಮಕ್ಕಳು ಆಡುತ್ತವೆ. ನಮ್ಮ ಕನಕಪುರ ರಸ್ತೆಯ ಹಳ್ಳಿಗಳಿಗೆ ಆ ಅದೃಷ್ಟ ಇಲ್ಲ. ಸಾರಕ್ಕಿ, ಜರಗನಹಳ್ಳಿ, ಯಲಚೇನಹಳ್ಳಿ, ಕೋಣನಕುಂಟೆ ಹೀಗೆ ಒಂದೊಂದೇ ಊರು ಒಳಗೆ ಹೋಗುವಾಗ ಸೈಟಿನ ಲೆಕ್ಕ ನೋಡಿದೆವೇ ಹೊರತು ಮಕ್ಕಳು ಎಲ್ಲಿ ಆಡುತ್ತವೆ ಅಂತ ಯಾರೂ ನೋಡಲಿಲ್ಲ. ನಾವೂ ಜಮೀನು ಕೊಟ್ಟವರೇ, ಬೇರೆಯವರನ್ನು ಬೈದು ಪ್ರಯೋಜನವಿಲ್ಲ. 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ಕೆಡವಿದ್ದನ್ನು ನೀವೆಲ್ಲಾ ನೋಡಿದ್ದೀರಿ. ಆ ಕೆರೆ ಜಾಗ ನುಂಗಿದವರು ಮಕ್ಕಳಲ್ಲ.

ಹೀಗಂತ ಹಾಲಿಗೆ ನೀರು ಹಾಕಿದ್ದು ಸರಿಯಾಗಿಬಿಡುತ್ತದೆಯೇ? ಇಲ್ಲ. ಕಳ್ಳತನ ಕಳ್ಳತನವೇ. ಆದರೆ ಹೊಡೆತದಿಂದ ಮಗು ಏನು ಕಲಿಯುತ್ತೆ ಅನ್ನುವುದನ್ನು ನಾವು ನಮ್ಮ ಅನುಭವದಿಂದಲೇ ಹೇಳಬಲ್ಲೆವು. ನಮಗೆ ಹದಿನಾಲ್ಕು ವರ್ಷವಾಗಿದ್ದಾಗ ಬೀಡಿ ಸೇದಿದ್ದಕ್ಕೆ ನಮ್ಮಪ್ಪ ಬಾರುಗೋಲಿನಲ್ಲಿ ಹೊಡೆದಿದ್ದರು. ಅದರಿಂದ ನಾವು ಕಲಿತದ್ದು ಬೀಡಿ ಬಿಡುವುದನ್ನಲ್ಲ, ಬೀಡಿ ಬಚ್ಚಿಡುವುದನ್ನು. ಇನ್ನೂ ಹನ್ನೆರಡು ವರ್ಷ ಸೇದಿದೆವು, ಅಪ್ಪನಿಗೆ ಗೊತ್ತಾಗಲಿಲ್ಲ.

ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರೆಯುವ ಹೊತ್ತಿನಲ್ಲಿ ಹಸುವನ್ನು ಹೊಡೆದು ಹೆದರಿಸಿ ನೋಡಿ, ಹಾಲು ಏರಿಸಿಕೊಳ್ಳುತ್ತೆ. ಕೆಚ್ಚಲಲ್ಲಿ ಇರುತ್ತೆ, ಇಳಿಸೋದಿಲ್ಲ. ಕಾಲು ಝಾಡಿಸುವ ಪಡ್ಡೆಯನ್ನು ಪಳಗಿಸುವಾಗ ನಾವು ಏನು ಮಾಡುತ್ತೇವೆ? ಮುಂದೆ ಒಂದು ಹಿಡಿ ಹಿಂಡಿ ಇಡುತ್ತೇವೆ, ಮೈ ಸವರುತ್ತೇವೆ, ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕಟ್ಟುತ್ತೇವೆ. ಗದ್ದೆಗೆ ನೀರು ಕಟ್ಟುವವರೂ ಅಷ್ಟೆ. ಒಂದು ಮಡಿಯ ಬಾಯಿ ಮುಚ್ಚಿದರೆ ಇನ್ನೊಂದರ ಬಾಯಿ ಬಿಡಿಸಲೇಬೇಕು. ಮುಚ್ಚಿ ಸುಮ್ಮನೆ ನಿಂತರೆ ನೀರು ಬದುವನ್ನೇ ಒಡೆದುಕೊಂಡು ಹೋಗುತ್ತೆ. ದನದ ವಿಷಯದಲ್ಲಿ, ನೀರಿನ ವಿಷಯದಲ್ಲಿ ಇಷ್ಟು ತಿಳಿದ ನಾವು ಮಕ್ಕಳ ವಿಷಯಕ್ಕೆ ಬಂದರೆ ಮಾತ್ರ "ಮಾಡ್ಬೇಡ" ಅಂತ ಬಾಯಿ ಮುಚ್ಚಿಸಿ ಹೊರಟುಬಿಡುತ್ತೇವೆ. ಅದರ ಬದಲು ಏನು ಮಾಡಬೇಕು ಅಂತ ಹೇಳಿಕೊಡುವುದಿಲ್ಲ.

ನಮ್ಮ ಊರಿನಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಇದ್ದಾರೆ. ಈ ಗಲಾಟೆಯ ನಂತರ ನಾವು ಅವರ ಹತ್ತಿರ ಹೋಗಿ ಕೂತಾಗ ಅವರು ಒಂದು ವಿಚಾರ ಹೇಳಿದರು. ಹಾಲಿನ ಸಹಕಾರ ಗುಜರಾತಿನ ಆಣಂದದಲ್ಲಿ 1946ರಲ್ಲಿ ಶುರುವಾಗಿದ್ದು ನಮಗೆಲ್ಲಾ ಗೊತ್ತು. ಅದೇ ಗುಜರಾತಿನ ಭಾವನಗರದಲ್ಲಿ ಅದಕ್ಕೂ ಮುಂಚೆ, 1920ರಲ್ಲಿ, ಗಿಜುಭಾಯಿ ಬಧೇಕಾ ಎಂಬುವರು ಒಂದು ಬಾಲಮಂದಿರ ಮಾಡಿದರಂತೆ. ಅವರು ಮೊದಲು ವಕೀಲರು. ತಮ್ಮ ಮಗ ಹುಟ್ಟಿದ ಮೇಲೆ ಇವನನ್ನು ಹೇಗೆ ಬೆಳೆಸಬೇಕು ಅಂತ ಯೋಚಿಸುತ್ತಾ ಯೋಚಿಸುತ್ತಾ ವಕೀಲಿಕೆ ಬಿಟ್ಟು ಮಕ್ಕಳ ಕೆಲಸಕ್ಕೆ ಬಂದರು. ಹೊಡೆಯದೆ, ಹೆದರಿಸದೆ, ಕಥೆ ಹೇಳಿ, ಆಟ ಆಡಿಸಿ, ಕೈಗೆ ಕೆಲಸ ಕೊಟ್ಟು ಕಲಿಸಬಹುದು ಅಂತ ಮಾಡಿ ತೋರಿಸಿದರು. ನಮ್ಮ ಕಡೆ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಇಂಥ ಪ್ರಯೋಗಗಳನ್ನು ಮಾಡಿದರು. ಇದೆಲ್ಲಾ ಪಟ್ಟಣದವರ ಹೊಸ ಫ್ಯಾಷನ್ನು ಅಂತ ತಿಳಿಯಬಾರದು ಅಂತ ಮಾಸ್ತರು ಹೇಳಿದರು.

ಕಾನೂನೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ಶಾಲೆಯಲ್ಲಿ ಮಗುವಿಗೆ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. ಆದರೂ "ಮೇಷ್ಟ್ರೇ, ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಹೊಡೀರಿ" ಅಂತ ನಾವೇ ಹೋಗಿ ಹೇಳಿ ಬರುತ್ತೇವೆ. ನಾವೂ ಹೇಳಿದ್ದೇವೆ.

ಈಗ ನಾವು ಏನು ಮಾಡಿದೆವು ಅಂತ ಹೇಳಬೇಕು. ದೊಡ್ಡದೇನಲ್ಲ, ಎಲ್ಲಾ ಒಂದೇ ಸಲಕ್ಕೆ ಹೊಳೆದದ್ದೂ ಅಲ್ಲ.

ಮೊದಲು ಅವನನ್ನು ಸಂಘಕ್ಕೆ ಕರಕೊಂಡು ಬಂದೆವು. ಪರೀಕ್ಷಕರ ಮುಂದೆ, ಕಾರ್ಯದರ್ಶಿಗಳ ಮುಂದೆ ನಿಂತು ತಾನು ಮಾಡಿದ್ದನ್ನು ಅವನೇ ಹೇಳಿದ. ನಾವು ಪಕ್ಕದಲ್ಲಿ ನಿಂತಿದ್ದೆವು, ನಮ್ಮ ತಲೆಯೂ ತಗ್ಗಿತ್ತು. ಆ ಹದಿನಾಲ್ಕು ದಿನದ ನಮ್ಮ ಹಾಲಿನ ದುಡ್ಡನ್ನು ಬಟವಾಡೆಯಲ್ಲಿ ಹಿಡಿದುಕೊಳ್ಳಿ ಅಂತ ಬರೆದುಕೊಟ್ಟೆವು. ಪರೀಕ್ಷಕರು ಒಳ್ಳೆಯವರು, ಅವನಿಗೆ ಬೈಯಲಿಲ್ಲ. ಲ್ಯಾಕ್ಟೋಮೀಟರನ್ನು ಅವನ ಕೈಗೇ ಕೊಟ್ಟು ಒಳ್ಳೆ ಹಾಲಿನಲ್ಲಿ ಬಿಡಿಸಿ, ಆಮೇಲೆ ನೀರು ಬೆರೆಸಿದ ಹಾಲಿನಲ್ಲಿ ಬಿಡಿಸಿ ತೋರಿಸಿದರು. ನೀರು ಬೆರೆತರೆ ಹಾಲಿನ ಸಾಂದ್ರತೆ ಕಡಿಮೆಯಾಗಿ ಬುರುಡೆ ಕೆಳಗೆ ಇಳಿಯುತ್ತೆ ಅನ್ನುವುದು ಅವನಿಗೆ ಅವತ್ತು ಗೊತ್ತಾಯಿತು. ಏಳರಲ್ಲಿ ಒಂದು ಲೀಟರು ನೀರಾದರೆ 28 ಹೇಗೆ 24 ಆಗುತ್ತೆ ಅಂತ ಲೆಕ್ಕವನ್ನು ಅವನೇ ಹಾಕಿ ತೋರಿಸಿದ. ಆಮೇಲೆ ಅವರು, "ನಿಂಗೆ ಸ್ಕೂಲಲ್ಲಿ ಕೊಡೋ ಹಾಲು ಎಲ್ಲಿಂದ ಬರುತ್ತೆ ಗೊತ್ತೇನಪ್ಪ?" ಅಂತ ಕೇಳಿದರು. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿನ ಪುಡಿ ನಮ್ಮಂಥ ರೈತರು ಹಾಕಿದ ಹಾಲಿನದೇ. ಅವನು ಅದನ್ನು ಯೋಚನೆಯೇ ಮಾಡಿರಲಿಲ್ಲ. ಹಗ್ಗದ ಏಟಿಗೆ ಅಳದಿದ್ದವನು ಅಲ್ಲಿ ಅತ್ತ.

ಮಾರನೇ ದಿನ ಕ್ಯಾನನ್ನು ಮತ್ತೆ ಅವನ ಕೈಗೇ ಕೊಟ್ಟೆವು. ನಮ್ಮ ಮನೆಯವರಿಗೆ ಇಷ್ಟವಿರಲಿಲ್ಲ, ನಮಗೂ ಒಳಗೊಳಗೆ ಅಳುಕು. ಆದರೆ ಕೆಲಸ ಕಿತ್ತುಕೊಂಡರೆ ಅವನು ಸರಿಯಾಗಿ ಮಾಡಿ ತೋರಿಸುವುದು ಯಾವಾಗ?

ಇನ್ನು ದುಡ್ಡಿನ ವಿಚಾರ. ಕದಿಯಬೇಡ ಅಂದ ಮೇಲೆ, ಬೇಕಾದಾಗ ಹೇಗೆ ಕೇಳಬೇಕು ಅಂತ ಹೇಳಿಕೊಡಬೇಕಲ್ಲ? "ಅಪ್ಪ, ನನಗೆ ಇಷ್ಟು ಬೇಕು, ಇಂಥದ್ದಕ್ಕೆ" ಅಂತ ಬಾಯಿ ಬಿಟ್ಟು ಹೇಳುವುದನ್ನು ಕಲಿಸಿದೆವು. ನಗಬೇಡಿ, ನಿಜವಾಗಲೂ ಎದುರಿಗೆ ನಿಲ್ಲಿಸಿಕೊಂಡು ಹೇಳಿಸಿದೆವು. ಕಷ್ಟವಾಗಿದ್ದು ಅವನಿಗಲ್ಲ, ನಮಗೆ. ಮರದಲ್ಲಿ ಬಿಡುತ್ತಾ ಅನ್ನುವ ಮಾತು ನಾಲಿಗೆ ತುದಿಗೇ ಬಂದು ನಿಲ್ಲುತ್ತಿತ್ತು. ಕೊಡಲಾಗದಿದ್ದರೆ "ಈ ಬಟವಾಡೆಯಲ್ಲಿ ಆಗಲ್ಲ, ಮುಂದಿನದಕ್ಕೆ ನೋಡೋಣ" ಅಂತ ಹೇಳುವುದನ್ನು ನಾವು ಕಲಿತೆವು.

ಅವನ ಸಂಪಾದನೆಗೂ ಒಂದು ದಾರಿ ಆಯಿತು. ಇದು ನಮ್ಮವ್ವನ ಉಪಾಯ. ಜಯನಗರ, ಜೆ.ಪಿ. ನಗರದ ಕಡೆ ತಾರಸಿಯ ಮೇಲೆ ಕುಂಡದಲ್ಲಿ ಗಿಡ ಬೆಳೆಸುವವರು ತುಂಬಾ ಜನ ಇದ್ದಾರೆ. ಅವರಿಗೆ ಹಳೇ ಸಗಣಿ ಗೊಬ್ಬರ ಬೇಕು. ನಮ್ಮ ತಿಪ್ಪೆಯಲ್ಲಿ ಬೇಕಾದಷ್ಟಿದೆ. ಭಾನುವಾರ ಒಂದು ಗಂಟೆ ಜರಡಿ ಹಿಡಿದು ಚೀಲಕ್ಕೆ ತುಂಬಿಡುವುದು ಅವನ ಕೆಲಸ, ನಾವು ಸಿಟಿಗೆ ಹೋಗುವಾಗ ತಲುಪಿಸುತ್ತೇವೆ. ಬಂದ ದುಡ್ಡಿನಲ್ಲಿ ಮೊದಲು 460 ರೂಪಾಯಿ ನಮಗೆ ವಾಪಸ್ಸು ಕೊಟ್ಟ, ಆಮೇಲಿನದು ಅವನದು. ಮಗುವಿನ ಕೈಲಿ ದುಡಿಸಿದರು ಅಂತ ಯಾರಾದರೂ ಅಂದುಕೊಂಡೀರಿ. ಶಾಲೆಯ ಹೊತ್ತು ಬಿಟ್ಟು ಮನೆಯ ಕೆಲಸದಲ್ಲಿ ಅಪಾಯವಿಲ್ಲದಂತೆ ಕೈಜೋಡಿಸಬಹುದು ಅಂತ 2016ರ ತಿದ್ದುಪಡಿ ಕಾನೂನಿನಲ್ಲೇ ಇದೆ. ಪರೀಕ್ಷೆ ಬಂದಾಗ ಗೊಬ್ಬರದ ಕೆಲಸ ಬಂದ್.

ಇಷ್ಟಕ್ಕೆ ಹುಡುಗ ಚಿನ್ನವಾಗಿಬಿಟ್ಟ ಅಂತ ಹೇಳಿದರೆ ಸುಳ್ಳಾಗುತ್ತೆ. ನಾಲ್ಕು ತಿಂಗಳಾದ ಮೇಲೆ ನಮ್ಮವ್ವನ ಎಲೆಅಡಿಕೆ ಚೀಲದಿಂದ ಇಪ್ಪತ್ತು ರೂಪಾಯಿ ಹೋಯಿತು. ನಮಗೆ ಗೊತ್ತಾಗಿ ಕೈ ಮೇಲೇಳುವುದರಲ್ಲಿತ್ತು. ನಮ್ಮವ್ವ ನಮ್ಮ ಮುಖ ನೋಡಿತು. ನಾವು ಅವನನ್ನು, "ಹಿಂಗೆ ತಗೊಳ್ಳೋದರ ಬದಲು ಏನು ಮಾಡ್ಬೇಕು ಅಂತ ಮಾತಾಡಿದ್ವಿ?" ಅಂತ ಮಾತ್ರ ಕೇಳಿದೆವು. ಸುಮ್ಮನೆ ನಿಂತಿದ್ದ. ಸಾಯಂಕಾಲ ಅಜ್ಜಿ ಹತ್ತಿರ ಹೋಗಿ ಹೇಳಿ ವಾಪಸ್ಸು ಕೊಟ್ಟ. ಅಜ್ಜಿ ಅದರಲ್ಲಿ ಹತ್ತು ರೂಪಾಯಿ ಅವನಿಗೇ ಕೊಟ್ಟಿತು, ಅದು ಬೇರೆ ವಿಚಾರ. ಅಜ್ಜಿಯರನ್ನು ತಿದ್ದುವುದು ನಮ್ಮ ಕೈಲಾಗುವ ಕೆಲಸವಲ್ಲ.

ಚಿಕ್ಕ ಮಕ್ಕಳಿಗೂ ಇದೇ ಮಾತು. ನಮ್ಮ ತಂಗಿಯ ಮಗು ನಾಲ್ಕು ವರ್ಷದ್ದು, ಕರುವಿನ ಬಾಲ ಹಿಡಿದು ಎಳೆಯುತ್ತಿತ್ತು. "ಎಳೀಬೇಡ, ಎಳೀಬೇಡ" ಅಂತ ನೂರು ಸಲ ಹೇಳಿದರು, ಏನೂ ಆಗಲಿಲ್ಲ. ಅದರ ಕೈಗೆ ಒಂದು ಹಿಡಿ ಹಸಿಹುಲ್ಲು ಕೊಟ್ಟು "ಹಿಂಗೆ ತಿನ್ನಿಸು, ಹಿಂಗೆ ಕತ್ತು ಸವರು" ಅಂತ ತೋರಿಸಿದ ಮೇಲೆ ಬಾಲದ ತಂಟೆಗೆ ಹೋಗುವುದು ಕಮ್ಮಿಯಾಯಿತು. ಮಗುವಿಗೆ ಕರುವಿನ ಜೊತೆ ಏನೋ ಒಂದು ಮಾಡಬೇಕು ಅನ್ನುವ ಆಸೆ. ಏನು ಅಂತ ನಾವು ತೋರಿಸಿರಲಿಲ್ಲ, ಅಷ್ಟೆ. ಇನ್ನು ತಮ್ಮನಿಗೆ ಹೊಡೆದ ಅಣ್ಣನಿಗೆ "ಹೊಡೀಬಾರ್ದು ಕಣೋ" ಅಂತ ಹೇಳುತ್ತಲೇ ಒಂದು ಬಿಡುವ ತಾಯಂದಿರು ಇಲ್ಲಿದ್ದೀರಿ, ಅದರಿಂದ ಮಗು ಯಾವುದನ್ನು ಕಲಿಯುತ್ತೆ ಅಂತ ನೀವೇ ಯೋಚಿಸಿ. ಕೆಟ್ಟ ಮಾತಿನ ವಿಚಾರ ನಾವು ಎತ್ತುವುದಿಲ್ಲ. ಹೋದ ವರ್ಷ ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಬೋನಸ್ಸಿನ ಲೆಕ್ಕಕ್ಕೆ ನಿಂತು ನಾವು ನಾವೇ ಆಡಿದ ಮಾತುಗಳನ್ನು ಕಿಟಕಿಯಾಚೆ ನಿಂತು ಕೇಳಿದ್ದು ಇದೇ ಮಕ್ಕಳು.

ಮೊಬೈಲಿನ ಬಗ್ಗೆ ಎಲ್ಲರೂ ಕೇಳುತ್ತೀರಿ. ಕಿತ್ತುಕೊಂಡರೆ ಸಾಕಾ ಅಂತ. ಕಿತ್ತುಕೊಂಡ ಮೇಲೆ ಆ ಎರಡು ಗಂಟೆ ಮಗು ಏನು ಮಾಡಬೇಕು? ಅದಕ್ಕೆ ಉತ್ತರವಿಲ್ಲದೆ ಕಿತ್ತುಕೊಂಡರೆ ಅಕ್ಕಪಕ್ಕದ ಮನೆಯಲ್ಲಿ ನೋಡುತ್ತೆ. ಕೈ ಮೀರಿದ್ದರೆ ನಾಚಿಕೆ ಪಡಬೇಡಿ. ನಿಮ್ಹಾನ್ಸ್ ನಮಗೆ ದೂರವೇನಲ್ಲ. ಅಲ್ಲಿ ಮಕ್ಕಳಿಗೆಂದೇ ವಿಭಾಗ ಇದೆ. ಮೊಬೈಲಿನ ಹುಚ್ಚಿಗೆಂದೇ 2014ರಲ್ಲಿ ಅವರು ಒಂದು ಕ್ಲಿನಿಕ್ಕನ್ನೂ ಶುರು ಮಾಡಿದರು. ಹಸುವಿಗೆ ಜ್ವರ ಬಂದರೆ ಡಾಕ್ಟರಿಗೆ ಫೋನು ಮಾಡುವ ನಾವು ಮಗುವಿಗಾಗಿ ಹೋಗಲು ಹಿಂದೆ ಮುಂದೆ ನೋಡಬಾರದು. ಮಗು ತೊಂದರೆಯಲ್ಲಿದೆ ಅನ್ನಿಸಿದರೆ 1098 ಅಂತ ಮಕ್ಕಳ ಸಹಾಯವಾಣಿ ಇದೆ, ಮಕ್ಕಳೂ ಆ ನಂಬರನ್ನು ಬಾಯಿಪಾಠ ಮಾಡಿಕೊಳ್ಳಿ.

ಕೊನೆಯದಾಗಿ ನಾವು ಸಂಘವನ್ನು ಒಂದು ಕೇಳಬೇಕು. ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ನಮ್ಮ ಕಟ್ಟಡದ ಹಿಂದೆ ಸಂಘದ್ದೇ ಜಾಗ ಖಾಲಿ ಇದೆ. ಅಲ್ಲಿ ಒಡೆದ ಕ್ಯಾನು, ಹಳೇ ಫೀಡು ಚೀಲ, ಓಡದ ಒಂದು ಟೆಂಪೋ ಬಿಟ್ಟರೆ ಬೇರೇನಿಲ್ಲ. ಅದನ್ನು ಚೊಕ್ಕಟ ಮಾಡಿಸಿ ಸಾಯಂಕಾಲ ನಾಲ್ಕರಿಂದ ಐದೂವರೆವರೆಗೆ ಮಕ್ಕಳಿಗೆ ಆಡಲು ಬಿಡಬೇಕು ಅಂತ ಆಡಳಿತ ಮಂಡಳಿಯಲ್ಲಿ ನಾವು ಎರಡು ಸಲ ವಿಷಯ ತಂದೆವು. ಎರಡು ಸಲವೂ ಮುಂದಕ್ಕೆ ಹೋಯಿತು. "ಕಿಟಕಿ ಗಾಜು ಒಡೆದರೆ ಯಾರು ಕಟ್ಟೋದು?" ಅಂತ ಒಬ್ಬ ನಿರ್ದೇಶಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಗೆ ಹೋಗಿ ನಮ್ಮ ಮಗನನ್ನು ಕೇಳಿದೆವು. ಅವನು ಸ್ವಲ್ಪ ಯೋಚನೆ ಮಾಡಿ, "ಒಂದು ಗಾಜಿಗೆ ಎಷ್ಟು ಚೀಲ ಗೊಬ್ಬರ ಆಗುತ್ತಪ್ಪ?" ಅಂದ. ಲೆಕ್ಕ ಹಾಕಿ ನೋಡಿದರೆ ಆರು ಚೀಲ. ಹುಡುಗರೆಲ್ಲಾ ಸೇರಿ ಆರು ಚೀಲದ ದುಡ್ಡನ್ನು ಮುಂಗಡವಾಗಿ ಕಾರ್ಯದರ್ಶಿಗಳ ಹತ್ತಿರ ಠೇವಣಿ ಇಡಲು ಒಪ್ಪಿದ್ದಾರೆ. ಹುಡುಗಿಯರಿಗೆ ವಾರದಲ್ಲಿ ಮೂರು ದಿನ ಬೇರೆಯಾಗಿ ಬಿಡಬೇಕು ಅಂತ ಅವರೇ ಬಂದು ಕೇಳಿದ್ದಾರೆ, ಅದೂ ಸೇರಲಿ.

ಸಾಯಂಕಾಲದ ಹಾಲು ಹಾಕುವ ಹೊತ್ತು ಐದಕ್ಕೆ ಶುರು. ಆಟ ಮುಗಿಸಿ ಕ್ಯಾನು ಹಿಡಿದು ಬರಲು ಅವರಿಗೂ ಅನುಕೂಲ. ಈ ವಿಷಯ ಮುಂದಿನ ಸಭೆಯಲ್ಲಿ ಮೂರನೇ ಸಲ ಬರುತ್ತದೆ. ಒಪ್ಪಿಗೆ ಇರುವ ಸದಸ್ಯರು ಬಾಗಿಲ ಹತ್ತಿರ ಇಟ್ಟಿರುವ ಪುಸ್ತಕದಲ್ಲಿ ಸಹಿ ಹಾಕಿ ಊಟಕ್ಕೆ ಹೋಗಬೇಕಾಗಿ ವಿನಂತಿ. ಒಪ್ಪಿಗೆ ಇಲ್ಲದವರೂ ಕಾರಣ ಬರೆಯಿರಿ, ನಾವು ಓದುತ್ತೇವೆ.